‘ನಿಮಾವಿರ’ಕ್ಕೆ ಕನ್ನಡದಲ್ಲಿ ಏನೆನ್ನೋಣ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೀಚೆ ಒಳ್ಳೆಮೆಣಸು (ಕಾಳುಮೆಣಸು) ಬೆಳೆಯುವ ನಮ್ಮವರಿಗಾಗಿ, ನಿಧಾನ ಸೊರಗು ರೋಗದ ಬಗೆಗಿನ ಮಲಯಾಳದ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದವನು ‘ನಿಮಾವಿರ’ ಎಂಬಲ್ಲಿ ನಿಂತುಬಿಟ್ಟಿದ್ದೇನೆ. ಬೇರಿಗೆ ಬಿದ್ದು ಈ ರೋಗ ತರುವ ಸೂಕ್ಷ್ಮ ಹುಳು ನೆಮಟೋಡ್; ಅದಕ್ಕೆ ಮಲಯಾಳದವರು ಕಟ್ಟಿಕೊಂಡ ಪದವಿದು. ತಲೆ ಗ್ರೀಕಿನದು, ಹುಳು ಎಂಬರ್ಥದ ಬಾಲ ಮಲಯಾಳದ್ದು. ನಮ್ಮ ಕೃಷಿಬರಹಗಳಲ್ಲಿ ರೂಢಿಯಲ್ಲಿರುವುದು ‘ಜಂತುಹುಳು’. ಅದನ್ನೇ ಬರೆದು ನೆರೆಯ ಕೃಷಿಕರೊಬ್ಬರಿಗೆ ಓದಿಸಿದರೆ, ಮಕ್ಕಳಿಗೆ ಕೊಡುವ ಜಂತಿನ ಮದ್ದನ್ನು ಬಳ್ಳಿಯ ಬುಡಕ್ಕೂ ಸುರಿಯಬೇಕೇ ಎಂದು ಕೇಳಿದರು. ಹೊಟ್ಟೆಯ ದುಂಡುಹುಳುವೂ ಇದೇ ಬಳಗದ್ದಾದ್ದರಿಂದ ಅವರನ್ನು ಪೂರ್ತಿ ತಪ್ಪೆನ್ನಲೂ ಬರುವುದಿಲ್ಲ.

‘ಬೇರುಹುಳು’ ಎನ್ನೋಣವೆಂದರೆ, ಅಡಿಕೆತೋಟದಲ್ಲಿ ಆ ಹೆಸರು ಆಗಲೇ ದುಂಬಿಯ ಮರಿಯಾದ ದಪ್ಪ ಬಿಳಿ ಹುಳುವಿಗೆ ಸಂದಿದೆ. ಅದು ಬುಡ ಕೆದಕಿದರೆ ಕೈಗೆ ಸಿಗುತ್ತದೆ. ಇದು ಮಿಲಿಮೀಟರಿಗೂ ಕಡಿಮೆ ಉದ್ದದ, ಬರಿಗಣ್ಣಿಗೆ ಕಾಣದ ಜೀವಿ. ‘ಗಂಟುಹುಳು’ವೂ ಸಲ್ಲದು, ಏಕೆಂದರೆ ಮೆಣಸಿನ ಬೇರಿಗೆ ಬೀಳುವ ಎರಡು ಮುಖ್ಯ ಬಗೆಗಳಲ್ಲಿ ಮೆಲಾಯ್ಡೊಗೈನ್ ಮಾತ್ರ ಗಂಟು ಕಟ್ಟಿಸುತ್ತದೆ, ರಾಡೋಫೋಲಸ್ ಬೇರನ್ನು ಕೊರೆದು ಕೊಳೆಯಿಸುತ್ತದೆ.

ತಮಿಳರು ಇದನ್ನು ‘ನೂಱ್ಪುಳು’, ಅಂದರೆ ನೂಲಿನಂಥ ಹುಳು, ಎನ್ನುತ್ತಾರೆ. ಗ್ರೀಕಿನ ‘ನೇಮ’ ಎಂಬುದಕ್ಕೂ ನೂಲು ಎಂದೇ ಅರ್ಥವಿರುವುದರಿಂದ ‘ನೂಲುಹುಳು’ ಎಂಬುದರತ್ತ ನನ್ನ ಒಲವು. ರೇಷ್ಮೆಹುಳುವಿನಂತೆ ನೂಲು ತೆಗೆಯುವ ಹುಳುವೆಂದು ಯಾರಾದರೂ ತಿಳಿದಾರು ಎಂಬ ಅಳುಕಿದೆ. ಬೇರಿನೊಳಗೆ ನೆಲೆನಿಂತ ಹೆಣ್ಣು ಮೆಲಾಯ್ಡೊಗೈನ್ ಉಬ್ಬಿ ಪೇರಳೆಹಣ್ಣಿನ ಆಕಾರಕ್ಕೆ ಬರುವುದರಿಂದ ಹೆಸರು ಅದಕ್ಕೆ ಒಪ್ಪದೆಂಬ ಆಕ್ಷೇಪವೂ ಬರಬಹುದು. ಆದರೆ ಆ ಆಕ್ಷೇಪ ಗ್ರೀಕ್ ಹೆಸರಿಗೂ ಅಷ್ಟೇ ತಗಲುತ್ತದೆ.

ಇದಕ್ಕಿಂತ ದೊಡ್ಡ ತೊಡಕು ‘ಬೇರುಗಂಟು’ ಎಂಬ ಪದದ್ದು. ಅಳಸಂಡೆಯ ಬೇರಿನಲ್ಲಿ ಸಾರಜನಕ ಕೂಡಿಸುವ ಗುಳ್ಳೆಗೂ, ಈ ಹುಳು ತಂದ ಊತಕ್ಕೂ ನಾವು ಅದನ್ನೇ ಬಳಸುತ್ತಿದ್ದೇವೆ. ಒಂದು ಉಪಕಾರಿ, ಇನ್ನೊಂದು ರೋಗ. ಅಳಸಂಡೆಯ ಗುಳ್ಳೆ ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಉಗುರಿನಿಂದ ಉಜ್ಜಿದರೆ ಕಳಚಿಬರುತ್ತದೆ, ಸೀಳಿದರೆ ಒಳಗೆ ನಸುಗೆಂಪು. ಹುಳುವಿನ ಗಂಟಿನಲ್ಲಿ ಬೇರೇ ಊದಿಕೊಂಡಿರುತ್ತದೆ, ಕೀಳಹೋದರೆ ಬೇರೇ ತುಂಡಾಗುತ್ತದೆ. ಇಂಥ ಸಮಾಸದಲ್ಲಿ ಉತ್ತರಪದಕ್ಕೇ, ಅಂದರೆ ಎರಡನೆಯ ಪದಕ್ಕೇ, ಪ್ರಾಧಾನ್ಯವೆಂದು ಹಿಡಿದು, ಬೇರಿಗೆ ಅಂಟಿದ್ದನ್ನು ‘ಬೇರುಗಂಟು’ ಎಂದೂ ಗಂಟಾಗಿಹೋದ ಬೇರನ್ನು ‘ಗಂಟುಬೇರು’ ಎಂದೂ ಬರೆದರೆ ಓದುಗರಿಗೆ ವ್ಯತ್ಯಾಸ ತಟ್ಟೀತೇ, ಅಥವಾ ಅದು ನನ್ನಂಥವರ ಕಾಗದದ ಜಾಣತನವಷ್ಟೇ ಆದೀತೇ? ತೋಟದಲ್ಲಿ ಇದಕ್ಕೆ ಬೇರೆ ಮಾತು ಕೇಳಿದವರಿದ್ದರೆ, ಹವ್ಯಕದ್ದಾಗಲಿ ತುಳುವಿನದ್ದಾಗಲಿ, ಯಾವ ಬೆಳೆಯ ಬೇರಿಗೆ ಹೇಳುತ್ತಾರೆಂಬುದರೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.