ಸಹಾಯ ಬೇಕು: ಮಗಳ ಕಣ್ಣು ಹೊರಗೆ ಸರಿಯುತ್ತದೆ, ಆಪರೇಷನ್ ಮಾಡಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಗಂಗಾವತಿಯವರು. ಮಗಳಿಗೆ 5 ವರ್ಷ. ದೂರ ನೋಡುವಾಗ, ನಿದ್ದೆ ಬಂದಾಗ ಅವಳ ಎಡಗಣ್ಣು ಹೊರಗಡೆಗೆ ಸರಿಯುತ್ತದೆ. ಬಿಸಿಲಿಗೆ ಹೋದರೆ ಒಂದು ಕಣ್ಣು ಮುಚ್ಚಿಕೊಳ್ಳುತ್ತಾಳೆ. ನಮ್ಮ ಕಡೆ ಬಿಸಿಲು ಗೊತ್ತಲ್ಲ, ಅದಕ್ಕೇ ಇರಬೇಕು ಅಂತ ಒಂದು ವರ್ಷ ಸುಮ್ನೆ ಇದ್ದೆವು. ಮೆಳ್ಳಗಣ್ಣು ಅದೃಷ್ಟ ಅಂತ ಅತ್ತೆಯವರು ಬೇರೆ!

ಎಡಗಣ್ಣು ಕೆಲಸ ಮಾಡಲಿ ಅಂತ ಸರಿಯಿರುವ ಬಲಗಣ್ಣಿಗೆ ದಿನಕ್ಕೆ 2 ಗಂಟೆ ಪಟ್ಟಿ ಹಾಕಿ 6 ತಿಂಗಳಾಯಿತು. ಆದರೂ ಸರಿಯುವುದು ಜಾಸ್ತಿಯಾಗಿದೆ. ಈಗ ಡಾಕ್ಟರು ಆಪರೇಷನ್ ಅಂದಿದ್ದಾರೆ. ಕಣ್ಣನ್ನು ಹೊರಕ್ಕೆ ಎಳೆಯುವ ಸ್ನಾಯುವನ್ನು ಬಿಡಿಸಿ ಸ್ವಲ್ಪ ಹಿಂದೆ ಹೊಲಿಯುತ್ತಾರಂತೆ, ಅದೂ ಎರಡೂ ಕಣ್ಣಿಗೆ. ಸರಿಯೋದು ಒಂದೇ ಅಲ್ವಾ ಅಂದೆ. ಎರಡೂ ಕಣ್ಣು ಜೋಡಿಯಾಗಿ ಕೆಲಸ ಮಾಡುತ್ತವೆ, ಹಂಚಿ ಮಾಡಬೇಕು ಅಂದರು. ಗುಡ್ಡೆ ಹೊರಗೆ ತೆಗೆಯುವುದಿಲ್ಲ ಎಂದ ಮೇಲೆಯೇ ನನಗೆ ಉಸಿರು ಬಂದಿದ್ದು. ಕೆಲವು ಮಕ್ಕಳಿಗೆ ಮುಂದೆ ಮತ್ತೆ ಸರಿಯಬಹುದು, ಇನ್ನೊಮ್ಮೆ ಮಾಡಬೇಕಾಗಬಹುದು ಎಂದೂ ಹೇಳಿದರು.

ಬಳ್ಳಾರಿ, ರಾಯಚೂರು ಕಡೆ ಇಷ್ಟು ಚಿಕ್ಕ ಮಕ್ಕಳಿಗೆ ಮಾಡಿಸಿದವರು ಇದ್ದೀರಾ? ಇಲ್ಲ ಬೆಂಗಳೂರಿನ ಮಿಂಟೋ ಆಸ್ಪತ್ರೆಗೇ ಹೋಗಬೇಕಾ? ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್‌ನಲ್ಲಿ ಆಗುತ್ತದಾ? ಆಮೇಲೆ ಸ್ವಲ್ಪ ದಿನ ಎರಡೆರಡು ಕಾಣುತ್ತದಂತೆ, ನಿಮ್ಮ ಮಗುವಿಗೆ ಎಷ್ಟು ದಿನ ಇತ್ತು? ದುಡ್ಡು ಕೇಳುತ್ತಿಲ್ಲ, ನಿಮ್ಮ ಅನುಭವ ಬರೆದರೆ ಸಾಕು. ಅವಳಪ್ಪನಿಗೆ ಪೂರ್ತಿ ಮಂಪರು ಕೊಡುತ್ತಾರೆ ಅನ್ನುವುದೇ ಹೆದರಿಕೆ.