ವಿಜಯನಗರದ ಧಾರಾವಾಹಿ ನೋಡುವಾಗ ಯಾವ ತಪ್ಪನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು?

ಕಮಲಾಪುರ ಕೆರೆ:

ಹಂಪಿ, ಕೃಷ್ಣದೇವರಾಯ, ತಾಳಿಕೋಟೆ ಅಂದರೆ ಒಂದು ಕಂತನ್ನೂ ಬಿಡದೆ ನೋಡುವವಳು ನಾನು. ಆದರೆ ಓದಿಕೊಂಡಷ್ಟೂ ತಪ್ಪುಗಳು ಕಣ್ಣಿಗೆ ಚುಚ್ಚುತ್ತವೆ. 15ನೇ ಶತಮಾನದ ಅಡುಗೆಮನೆಯಲ್ಲಿ ಟೊಮೆಟೊ ಬುಟ್ಟಿ, ಅರಮನೆಗೆ ಬೇಲೂರಿನ ಕಂಬ, ಯುದ್ಧಭೂಮಿ ತುಂಬ ಕಾಂಗ್ರೆಸ್ ಗಿಡ. ಎಲ್ಲಕ್ಕೂ ತಕರಾರು ತೆಗೆದರೆ ಪಕ್ಕದಲ್ಲಿ ಕೂತವರಿಗೂ ಸುಖವಿಲ್ಲ, ನೋಡುವವರಿಗೂ ಸುಖವಿಲ್ಲ. ಎಲ್ಲವನ್ನೂ ನುಂಗಿಕೊಂಡರೆ ಸುಳ್ಳೇ ಇತಿಹಾಸವಾಗಿ ತಲೆಯಲ್ಲಿ ಕೂರುತ್ತದೆ. ಬಲ್ಲವರು ಹೇಳಿ: ಯಾವುದನ್ನು ಧಾರಾಳವಾಗಿ ಬಿಟ್ಟುಬಿಡಬಹುದು, ಯಾವುದನ್ನು ಬಿಡಬಾರದು? ಕಂತು ನೋಡುವಾಗ ಪಕ್ಕದಲ್ಲಿ ಏನಿಟ್ಟುಕೊಂಡರೆ ಒಳ್ಳೆಯದು?

ಓಲೆಗರಿ:

ಮೇಡಂ, ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ತಪ್ಪನ್ನು ತಿದ್ದಿದರೆ ಕಥೆ ಬದಲಾಗುತ್ತದೆಯೇ? ಟೊಮೆಟೊ ಬುಟ್ಟಿ ತೆಗೆದು ಬದನೆಕಾಯಿ ಬುಟ್ಟಿ ಇಟ್ಟರೆ ದೃಶ್ಯ ಇದ್ದ ಹಾಗೇ ಇರುತ್ತದೆ. ಅಂಥದ್ದನ್ನು ಬಿಟ್ಟುಬಿಡಿ. ಯಾರು ಯಾರ ಮೇಲೆ ಯಾಕೆ ದಂಡೆತ್ತಿ ಬಂದರು ಅನ್ನುವುದನ್ನೇ ತಿರುಚಿದ್ದರೆ ಅದನ್ನು ಬಿಡಬೇಡಿ.

ತಾಳಿಕೋಟೆಯನ್ನೇ ತೆಗೆದುಕೊಳ್ಳಿ. ಪರದೆಯ ಮೇಲೆ ಅಳಿಯ ರಾಮರಾಯನೇ ಸಿಂಹಾಸನದಲ್ಲಿ ಕೂತಿರುತ್ತಾನೆ. ಎದುರಿಗೆ ಐದು ಶಾಹಿಗಳು ಒಟ್ಟಾಗಿ ಬರುತ್ತಾರೆ, ಬೆಳಗ್ಗೆ ಯುದ್ಧ, ಸಂಜೆಗೆ ಹಂಪಿಯಲ್ಲಿ ಬೆಂಕಿ. ಈ ಮೂರೂ ಸರಿಯಲ್ಲ. ಪಟ್ಟದಲ್ಲಿದ್ದವನು ಸದಾಶಿವರಾಯ, ಅಧಿಕಾರ ನಡೆಸುತ್ತಿದ್ದವನು ರಾಮರಾಯ. ಒಟ್ಟಾಗಿದ್ದು ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ ಮತ್ತು ಬೀದರ್, ಅಂದರೆ ನಾಲ್ಕೇ. ಬೇರಾರಿನ ಇಮಾದ್ ಶಾಹಿ ಬರಲೇ ಇಲ್ಲ. ಕಾಳಗ ನಡೆದದ್ದು 1565ರ ಜನವರಿ 23ರಂದು, ಕೃಷ್ಣಾ ತೀರದ ರಕ್ಕಸಗಿ–ತಂಗಡಗಿ ಕಡೆ. ಅಲ್ಲಿಂದ ಹಂಪಿಗೆ ನೆಟ್ಟಗೆ ಅಳೆದರೂ ಸುಮಾರು 100 ಕಿಲೋಮೀಟರ್. ಗೆದ್ದ ಸೈನ್ಯ ಅದೇ ಸಂಜೆ ತಲುಪುವ ಮಾತೇ ಇಲ್ಲ. ಆ ನಡುವಿನ ಹೊತ್ತಿನಲ್ಲೇ ರಾಮರಾಯನ ತಮ್ಮ ತಿರುಮಲ ಓಡಿ ಬಂದು, ಭಂಡಾರವನ್ನು ಆನೆಗಳ ಮೇಲೆ ಹೇರಿಕೊಂಡು, ಸದಾಶಿವರಾಯನನ್ನೂ ಜತೆಗೆ ಕರೆದುಕೊಂಡು ಪೆನುಕೊಂಡೆಗೆ ಹೋದದ್ದು. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸಿವೆಲ್ ಆ ಆನೆಗಳ ಲೆಕ್ಕ 550 ಎಂದು ಕೊಡುತ್ತಾನೆ. ಸೋಲಿನ ಸುದ್ದಿ ಬಂದಿದೆ, ಕಾಯುವ ಸೈನ್ಯ ಇಲ್ಲ, ಆನೆಗಳ ಸಾಲು ಊರು ಬಿಟ್ಟು ಹೊರಡುವುದನ್ನು ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. ಇಡೀ ವಾರದ ಕಂತುಗಳಿಗೆ ಸಾಕಾಗುವ ದೃಶ್ಯವನ್ನು ಬಿಟ್ಟು ಬರೀ ಬೆಂಕಿ ತೋರಿಸುತ್ತಾರಲ್ಲ, ನನಗೆ ಸಂಕಟವಾಗುವುದು ಅದಕ್ಕೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಎರಡು ಧರ್ಮಗಳ ನೇರ ಕಾಳಗ ಎಂದು ತೋರಿಸಿದ ಕೂಡಲೇ ನಿಜವಾದ ನಾಟಕವೇ ಕೈಬಿಟ್ಟು ಹೋಗುತ್ತದೆ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ಪಟ್ಟಕ್ಕೆ ಬರುವ ಮುಂಚೆ ಸುಮಾರು ಏಳು ವರ್ಷ, 1543ರಿಂದ 1550ರವರೆಗೆ, ತಲೆಮರೆಸಿಕೊಂಡು ಆಶ್ರಯ ಪಡೆದದ್ದು ಹಂಪಿಯಲ್ಲಿ, ಅದೇ ರಾಮರಾಯನ ಹತ್ತಿರ. ಬಿಜಾಪುರದ ಅಲಿ ಆದಿಲ್ ಶಾಹ ರಾಮರಾಯನ ಮಗ ಸತ್ತಾಗ ಸ್ವತಃ ಹಂಪಿಗೆ ಬಂದು ಸಂತಾಪ ಹೇಳಿದ, ರಾಮರಾಯನ ಹೆಂಡತಿ ಅವನನ್ನು ಮಗನೆಂದು ಸ್ವೀಕರಿಸಿದಳು ಎಂದು ಪಾರಸಿ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಉಪ್ಪು ತಿಂದವನೊಬ್ಬ, ಮಗನೆನಿಸಿಕೊಂಡವನೊಬ್ಬ, ಇಬ್ಬರೂ 1565ರಲ್ಲಿ ಎದುರು ಸಾಲಿನಲ್ಲಿ ನಿಂತಿದ್ದರು. ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತ ಬಂದ ರಾಮರಾಯನ ರಾಜಕಾರಣವೇ ಕೊನೆಗೆ ಅವರನ್ನು ಒಟ್ಟುಗೂಡಿಸಿತು. ಇದನ್ನು ತಿಳಿದು ನೋಡಿದರೆ ಧಾರಾವಾಹಿಯಲ್ಲಿ ಅಲಿ ಆದಿಲ್ ಶಾಹನ ಪಾತ್ರ ಮಾಡಿದವರ ಮುಖವನ್ನೇ ಬೇರೆ ಕಣ್ಣಿನಿಂದ ನೋಡುತ್ತೀರಿ.

ಅಚ್ಚು ಮತ್ತು ಸುಣ್ಣ:

ಸೆಟ್ಟಿನ ಕಡೆಯಿಂದ ನಾಲ್ಕು ಮಾತು. ಬಹಳ ತಪ್ಪುಗಳು ಅಜ್ಞಾನದಿಂದ ಆಗುವುದಿಲ್ಲ, ಕೆಲಸದ ರೀತಿಯಿಂದ ಆಗುತ್ತವೆ. ದಿನದ ಧಾರಾವಾಹಿ ಅಂದರೆ ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು ಸುಮಾರು 22 ನಿಮಿಷದ ಕಂತು, ವಾರಕ್ಕೆ ಐದೋ ಆರೋ. ಕಂಬ ಮಾಡುವುದು ಹೇಗೆ ಅಂದರೆ, ಮೊದಲು ಒಂದು ಕಂಬವನ್ನು ಮಣ್ಣಿನಲ್ಲಿ ತಿದ್ದಿ, ಅದರಿಂದ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಥವಾ ಫೈಬರ್ ಎರಕ ಹೊಯ್ದು, ಪ್ಲೈವುಡ್ ಚೌಕಟ್ಟಿಗೆ ಕೂರಿಸುತ್ತಾರೆ. ಅಚ್ಚಿಗೆ ದುಡ್ಡು ಹೆಚ್ಚು, ಎರಕಕ್ಕೆ ಕಡಿಮೆ. ಹಾಗಾಗಿ ಯಾವುದೋ ಹಳೆಯ ಕೆಲಸಕ್ಕೆ ತೆಗೆದ ಹೊಯ್ಸಳ ಕಂಬದ ಅಚ್ಚು ಗೋದಾಮಿನಲ್ಲಿದ್ದರೆ ಅದೇ ರಾಯರ ಅರಮನೆಗೂ ಬರುತ್ತದೆ.

ನೋಡಿದ ಕೂಡಲೇ ಗುರುತಿಸಬೇಕಾದರೆ ಹೀಗೆ ಮಾಡಿ. ಉರುಟಾಗಿ, ಚರಕಿಗೆ ಹಚ್ಚಿ ತಿರುಗಿಸಿದ ಹಾಗೆ ಬಳೆಬಳೆಯಾಗಿ ಹೊಳೆಯುವ ಕಂಬ ಹೊಯ್ಸಳರದ್ದು, ಬಳಪದ ಕಲ್ಲಿನ ಕೆಲಸ. ವಿಜಯನಗರದವರು ಕಡೆದದ್ದು ಹೆಚ್ಚಾಗಿ ಗಡಸು ಕಣಶಿಲೆ, ಅಂದರೆ ಗ್ರಾನೈಟ್. ಅವರ ಮಂಟಪದ ಕಂಬ ಚೌಕವಾಗಿ ಎದ್ದು, ಮುಂದೆ ಯಾಳಿಯೋ (ಸಿಂಹದಂಥ ಕಲ್ಪಿತ ಮೃಗ) ಕುದುರೆಯೋ ನೆಗೆದು ನಿಂತಿರುತ್ತದೆ. ಇನ್ನು ಅರಮನೆಗಳಿಗೆ ಬುನಾದಿ ಮಾತ್ರ ಕಲ್ಲು, ಮೇಲಿನದೆಲ್ಲ ಮರ. ಹಂಪಿಯ ನೂರು ಕಂಬದ ಸಭಾಂಗಣಕ್ಕೆ ಹೋದರೆ ಈಗ ಕಾಣುವುದು ಎತ್ತರದ ಜಗಲಿ, ಅದರ ಮೇಲೆ ಕಂಬ ನಿಂತಿದ್ದ ಗುರುತುಗಳು, ಅಷ್ಟೇ. ಮರದ ಭಾಗ ಉಳಿದಿಲ್ಲ. ಕಲ್ಲಿನ ಅರಮನೆ ತೋರಿಸುವುದು ತಪ್ಪೇ, ಆದರೆ ಈ ತಪ್ಪು ಯಾಕಾಗುತ್ತದೆ ಅಂದರೆ ನಮ್ಮ ಕಣ್ಣಿಗೆ ಹಂಪಿ ಅಂದರೆ ಕಲ್ಲು ಎಂದೇ ರೂಢಿಯಾಗಿದೆ.

ಒಂದು ಎಚ್ಚರಿಕೆ. ಕಮಾನು, ಗುಮ್ಮಟ ಕಂಡ ಕೂಡಲೇ "ಇದು ಸುಲ್ತಾನರದ್ದು, ತಪ್ಪು" ಅನ್ನಬೇಡಿ. ಕಮಲ ಮಹಲಿನ ಕಮಾನುಗಳು, ಹನ್ನೊಂದು ಅಂಕಣದ ಆನೆ ಲಾಯದ ಗುಮ್ಮಟಗಳು ಹಂಪಿಯಲ್ಲೇ ನಿಂತಿವೆ.

ನಾಣ್ಯದಲ್ಲೂ ಹೀಗೇ. ಪರದೆಯ ಮೇಲೆ ಚೀಲದಿಂದ ಸುರಿಯುವುದು ಇವತ್ತಿನ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಹಿತ್ತಾಳೆ ಬಿಲ್ಲೆ. ನಿಜವಾದ ಚಿನ್ನದ ವರಹದ ತೂಕ ಸುಮಾರು 3.4 ಗ್ರಾಂ, ಅಗಲ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಸಾವಿರ ವರಹ ಅಂದರೆ 3.4 ಕಿಲೋ, ಎರಡು ಬೊಗಸೆ ಸಾಕು. ಅಷ್ಟು ಚಿಕ್ಕದನ್ನು ಕ್ಯಾಮೆರಾ ಹಿಡಿಯುವುದಿಲ್ಲ ಅಂತ ದೊಡ್ಡದು ಮಾಡಿಸುತ್ತಾರೆ. ಇದನ್ನು ಮನಸಾರೆ ಬಿಟ್ಟುಬಿಡಿ.

ಕೇದಗೆ:

ಗಿಡ, ಹೂವು, ಅಡುಗೆ ಬಗ್ಗೆ ಹೇಳುತ್ತೇನೆ. ಟೊಮೆಟೊ, ಆಲೂಗಡ್ಡೆ, ಮೆಕ್ಕೆಜೋಳ, ಶೇಂಗಾ, ಗೋಡಂಬಿ, ಸೀಬೆ, ಪಪ್ಪಾಯಿ, ಅನಾನಸ್, ಸಪೋಟ, ಹೊಗೆಸೊಪ್ಪು, ಇವೆಲ್ಲ ಅಮೆರಿಕ ಖಂಡದಿಂದ ಬಂದವು. ಮೆಣಸಿನಕಾಯಿಯೂ ಅಲ್ಲಿಯದೇ, ಪೋರ್ಚುಗೀಸರು ತಂದದ್ದು; ಆದರೆ ಅದರ ವಿಷಯದಲ್ಲಿ ಮಾತ್ರ ಆತುರ ಬೇಡ. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಗೋವಾ ಹಿಡಿದದ್ದು 1510ರಲ್ಲಿ. ಇಮ್ಮಡಿ ದೇವರಾಯನ ಕಾಲದ, ಅಂದರೆ 1446ಕ್ಕೆ ಮುಂಚಿನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇದ್ದರೆ ಸಂಶಯವಿಲ್ಲದೆ ತಪ್ಪು. ರಾಮರಾಯನ ಕಾಲಕ್ಕೆ ಅಷ್ಟು ಖಚಿತವಾಗಿ ತಪ್ಪು ಅನ್ನಲಾಗದು. ಹೆಸರಲ್ಲೇ ಗುಟ್ಟಿದೆ ನೋಡಿ: ಮೊದಲು ಖಾರ ಅಂದರೆ ಮೆಣಸು, ಕರಿಮೆಣಸು. ಆಮೇಲೆ ಬಂದದ್ದಕ್ಕೆ ಮೆಣಸಿನ "ಕಾಯಿ" ಎಂದು ಹೆಸರಿಟ್ಟರು.

ಹಾಗಂತ ಇಡ್ಲಿ ಕಂಡು ಗದರಬೇಡಿ. "ವಡ್ಡಾರಾಧನೆ"ಯಲ್ಲೇ ಇಡ್ಡಲಿಗೆ ಇದೆ, ಅದು 10ನೇ ಶತಮಾನದ್ದು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ "ಮಾನಸೋಲ್ಲಾಸ", ಕನ್ನಡದಲ್ಲೇ ಮೂರನೇ ಮಂಗರಸನ "ಸೂಪಶಾಸ್ತ್ರ" ತೆರೆದು ನೋಡಿದರೆ ಆ ಕಾಲದ ಊಟಕ್ಕೆ ಟೊಮೆಟೊ ಇಲ್ಲದ ಕೊರತೆ ಏನೂ ಇರಲಿಲ್ಲ ಎಂದು ಗೊತ್ತಾಗುತ್ತದೆ.

ಹೂವಿನಲ್ಲಿ ಚೆಂಡುಹೂವಿನ ಹಾರ ಎಲ್ಲ ಧಾರಾವಾಹಿಯಲ್ಲೂ ಇರುತ್ತದೆ, ಅದು ಮೆಕ್ಸಿಕೋ ಕಡೆಯದು. ಬಾಡುವುದಿಲ್ಲ, ಅಗ್ಗ, ದೀಪದ ಬಿಸಿಗೆ ದಿನವಿಡೀ ತಡೆಯುತ್ತದೆ, ಅದಕ್ಕೇ ಬಳಸುತ್ತಾರೆ. ಮಲ್ಲಿಗೆ ಎರಡನೇ ಶಾಟಿಗೇ ಸೊರಗುತ್ತದೆ. ಇನ್ನು ಯುದ್ಧಭೂಮಿಯ ಹಿನ್ನೆಲೆಯಲ್ಲಿ ಮುಳ್ಳುಪೊದೆ ಕಂಡರೆ ಅದು ಬಹುಪಾಲು ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದು, ತವರು ಅಮೆರಿಕ, ಇಲ್ಲಿಗೆ ಬಂದದ್ದು 19ನೇ ಶತಮಾನದಲ್ಲಿ. ನೀವು ಹೇಳಿದ ಕಾಂಗ್ರೆಸ್ ಗಿಡ ಹಬ್ಬಿದ್ದು 1950ರ ದಶಕದ ಈಚೆ. ಇದನ್ನು ತಪ್ಪಿಸಬೇಕಾದರೆ ಎಕರೆಗಟ್ಟಲೆ ಕಳೆ ಕೀಳಿಸಬೇಕು, ಯಾರಿಂದಲೂ ಆಗದ ಕೆಲಸ.

ಕಮಲಾಪುರ ಕೆರೆ:

ಓಲೆಗರಿ ಸರ್, ಇಬ್ರಾಹಿಂ ಕುತುಬ್ ಶಾಹನ ವಿಷಯ ಓದಿ ಮೈ ಜುಮ್ಮೆಂದಿತು. ಇನ್ನೊಂದು ಸಂದೇಹ. ಕೃಷ್ಣದೇವರಾಯರನ್ನು ಯಾವಾಗಲೂ ಬರಿಮೈಯಲ್ಲಿ, ಕಡೆದಿಟ್ಟಂಥ ಹೊಟ್ಟೆಯಲ್ಲಿ, ತಲೆಗೆ ಕಲ್ಲಿನ ಕಿರೀಟದಲ್ಲಿ ತೋರಿಸುತ್ತಾರೆ. ತಿರುಪತಿಯ ಪ್ರತಿಮೆಯಲ್ಲೂ ಬರಿಮೈಯೇ ಇದೆಯಲ್ಲ?

ಓಲೆಗರಿ:

ತಿರುಪತಿಯಲ್ಲಿ ರಾಯರು, ತಿರುಮಲಾದೇವಿ, ಚಿನ್ನಾದೇವಿ ಕೈಮುಗಿದು ನಿಂತಿರುವುದು ದೇವರೆದುರು. ಅಲ್ಲಿ ಬರಿಮೈ ಸಹಜ. ಆದರೂ ತಲೆ ನೋಡಿ: ಕಿರೀಟ ಅಲ್ಲ, ಎತ್ತರದ ಟೊಪ್ಪಿಗೆ. ಅದೇ ಕುಲ್ಲಾಯಿ. ದರ್ಬಾರಿಗೆ ಬಂದರೆ ಕುಲ್ಲಾಯಿಯ ಜತೆ ಮೈತುಂಬ ಕಬಾಯಿ, ಅಂದರೆ ಉದ್ದನೆಯ ಅಂಗಿ. ಲೇಪಾಕ್ಷಿ ದೇವಾಲಯದ ಚಾವಣಿಯ ಚಿತ್ರಗಳಲ್ಲಿ ನಾಯಕರ ಸಾಲು ಇದೇ ಉಡುಪಿನಲ್ಲಿದೆ. ತೆಲುಗು ಕವಿ ಶ್ರೀನಾಥ ಪ್ರೌಢದೇವರಾಯನ, ಅಂದರೆ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದು ಕುಲ್ಲಾಯಿ ಇಟ್ಟು ಅಂಗಿ ತೊಡಬೇಕಾಗಿ ಬಂದದ್ದನ್ನು ಒಂದು ಚಾಟು ಪದ್ಯದಲ್ಲಿ ಹೇಳಿಕೊಂಡಿದ್ದಾನೆ.

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡ ರಾಯರು ಹೀಗಿದ್ದರು: ಚಿನ್ನದ ಗುಲಾಬಿಗಳ ಕಸೂತಿಯ ಬಿಳಿ ಬಟ್ಟೆ, ಕೊರಳಲ್ಲಿ ವಜ್ರದ ಒಡವೆ, ತಲೆಗೆ ಜರಿಯ ಟೊಪ್ಪಿಗೆ, ಬರಿಗಾಲು. ನಡು ಎತ್ತರ, ಬೆಳ್ಳಗಿನ ಮೈ, ತೆಳ್ಳಗೆ ಅನ್ನುವುದಕ್ಕಿಂತ ತುಸು ದಪ್ಪ, ಮುಖದಲ್ಲಿ ಸಿಡುಬಿನ ಕಲೆ. ದಿನಚರಿಯನ್ನೂ ಕೊಟ್ಟಿದ್ದಾನೆ. ಬೆಳಕು ಹರಿಯುವ ಮುಂಚೆ ಎದ್ದು ಮುಕ್ಕಾಲು ಪಿಂಟ್, ಅಂದರೆ ಸುಮಾರು 400 ಮಿಲಿ ಎಳ್ಳೆಣ್ಣೆ ಕುಡಿಯುತ್ತಿದ್ದರು. ಮೈಗೂ ಅದೇ ಎಣ್ಣೆ ತಿಕ್ಕಿಸಿಕೊಂಡು, ಮಣ್ಣಿನ ಗುಂಡುಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ವರಸೆ. ಆಮೇಲೆ ಜಟ್ಟಿಯೊಬ್ಬನ ಜತೆ ಕುಸ್ತಿ, ಅದಾದ ಮೇಲೆ ಬೆಳಗಾಗುವವರೆಗೆ ಕುದುರೆ ಸವಾರಿ. ಸಿಡುಬಿನ ಕಲೆಯ, ತುಸು ಸ್ಥೂಲ ದೇಹದ ದೊರೆ ಕತ್ತಲಲ್ಲಿ ಎಣ್ಣೆಮೈಯಲ್ಲಿ ಬೆವರುತ್ತಿರುವುದನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಜಿಮ್ಮಿನ ಮೈಗಿಂತ ಇದೇ ಹೆಚ್ಚು ರಾಜಕಳೆ ಎಂದು ನನ್ನ ಎಣಿಕೆ.

ಪಕ್ಕದಲ್ಲಿ ಏನಿಟ್ಟುಕೊಳ್ಳಬೇಕು ಎಂದು ಕೇಳಿದ್ದಿರಿ. 1900ರಲ್ಲಿ ಬಂದ ಸಿವೆಲ್‌ನ ಪುಸ್ತಕದ ಕೊನೆಯಲ್ಲಿ ಪಾಯೆಸ್ ಮತ್ತು ಇನ್ನೊಬ್ಬ ಪೋರ್ಚುಗೀಸ್ ಲೇಖಕ ನೂನಿಜ್ ಇಬ್ಬರ ಬರಹವೂ ಇಂಗ್ಲಿಷಿನಲ್ಲಿ ಇದೆ. ಅದೊಂದು ಸಾಕು. ಆದರೆ ಕಂತು ಓಡುತ್ತಿರುವಾಗ ತೆರೆಯಬೇಡಿ. ಮೊದಲು ಪೂರ್ತಿ ನೋಡಿ, ಅಳುವ ಕಡೆ ಅಳಿ, ಆಮೇಲೆ ಆ ಘಟನೆಯ ಎರಡು ಪುಟ ಓದಿ. ಮೊದಲೇ ಓದಿ ಕೂತರೆ ಕಣ್ಣು ತಪ್ಪನ್ನೇ ಹುಡುಕುತ್ತದೆ, ಪಾತ್ರದ ಮುಖ ತಪ್ಪಿಹೋಗುತ್ತದೆ.

ನಡುಗನ್ನಡ:

ಮಾತಿನ ಬಗ್ಗೆ ಚಿಕ್ಕದಾಗಿ. ವಿಷ್ಣುವರ್ಧನ, ಶಾಂತಲೆಯ ಬಾಯಲ್ಲಿ "ಸವಾಲು", "ತಯಾರಿ", "ಜವಾಬ್ದಾರಿ" ಕೇಳಿಸಿದರೆ ಅವು ಅರಬ್ಬಿ, ಪಾರಸಿ ಕಡೆಯಿಂದ ಬಂದವು, 12ನೇ ಶತಮಾನದ ದೋರಸಮುದ್ರಕ್ಕೆ ಒಗ್ಗುವುದಿಲ್ಲ. "ಪಂಥ", "ಅಣಿ", "ಹೊಣೆ" ಅಂದರೆ ಮುಗಿಯಿತು, ಖರ್ಚಿಲ್ಲದ ತಿದ್ದುಪಡಿ. ಆದರೂ ಭಾಷೆಯ ತಪ್ಪನ್ನು ಬಿಡಲೇಬೇಕು. ಶಾಸನದ ಕನ್ನಡವನ್ನೇ ಆಡಿಸಿದರೆ ಅರ್ಧ ಮಾತು ನಮಗೇ ತಿಳಿಯದು.

ನಾನು ಬಿಡದ ವಸ್ತು ಒಂದೇ: ಎರಡು ಕೋಲಿಗೆ ಸುತ್ತಿದ, ಕೆಂಪು ದಾರ ಕಟ್ಟಿದ ಕಾಗದದ ಸುರುಳಿ. ದೂತ ಬಂದ ಕೂಡಲೇ ಅದನ್ನು ಬಿಚ್ಚುತ್ತಾನೆ. 1443ರಲ್ಲಿ ಹಂಪಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿನ ಬರವಣಿಗೆ ಎರಡು ಬಗೆ ಎಂದು ಬರೆದಿದ್ದಾನೆ. ಒಂದು, ಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀರುವುದು. ಇನ್ನೊಂದು, ಕಪ್ಪು ಮಾಡಿದ ಮೈಮೇಲೆ ಮೆದು ಕಲ್ಲಿನ ಲೇಖನಿಯಿಂದ ಬಿಳಿ ಅಕ್ಷರ ಬರೆಯುವುದು. ಎರಡನೆಯದೇ ನಮ್ಮ ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲೂ ಬರುತ್ತಿತ್ತು. ಒಂದು ಮೊಳ ಬಟ್ಟೆ, ಹಿಡಿ ಹುಣಸೆ ಬೀಜ, ಸ್ವಲ್ಪ ಇದ್ದಿಲು ಇದ್ದರೆ ಕಲಾ ವಿಭಾಗದವರು ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಸುರುಳಿಗಿಂತ ಅಗ್ಗ, ಪರದೆಯ ಮೇಲೆ ಕಪ್ಪಿನ ಮೇಲೆ ಬಿಳಿ ಅಕ್ಷರ ಚೆನ್ನಾಗಿಯೂ ಕಾಣುತ್ತದೆ. ಇವತ್ತಿಗೂ ಕಚೇರಿಗಳಲ್ಲಿ "ಕಡತ ವಿಲೇವಾರಿ" ಅನ್ನುವುದು ಇದೇ ಕಡತ.

ಅಚ್ಚು ಮತ್ತು ಸುಣ್ಣ:

ನಡುಗನ್ನಡ ಅವರೇ, ಹುಣಸೆ ಬೀಜ ಹಸಿಯಾಗಿ ಅರೆದರೆ ಬಟ್ಟೆ ಒಣಗಿದ ಮೇಲೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆಯೇ? ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ ಅಂಟಿನ ಸರಿ ಮಾಡಿಕೊಳ್ಳಬೇಕೇ?

ನಡುಗನ್ನಡ:

ಹೌದು, ಕುದಿಸಿದ ಸರಿಯೇ ಬೇಕು. ಒಂದೇ ಸಲ ದಪ್ಪಗೆ ಬಳಿಯದೆ ತೆಳುವಾಗಿ ಎರಡು ಮೂರು ಕೈ ಬಳಿಯಿರಿ, ಪ್ರತಿ ಸಲವೂ ನೆರಳಲ್ಲಿ ಒಣಗಲಿ. ಮಡಿಕೆಗಳನ್ನು ಕೊನೆಯ ಕೈ ಪೂರ್ತಿ ಒಣಗುವ ಮುಂಚೆ, ಇನ್ನೂ ತುಸು ಮೆತ್ತಗಿರುವಾಗಲೇ ಹಾಕಿ.

ಕಮಲಾಪುರ ಕೆರೆ:

ಇವತ್ತು ರಾತ್ರಿಯ ಕಂತಿನಲ್ಲಿ ದೂತ ಬರುವುದಿದೆ. ಅವನ ಕೈ ನೋಡುತ್ತೇನೆ.