ಕುಂಬಾರ ಕಪ್ಪೆ ಮತ್ತು ಹುತ್ತದ ಅಣಬೆ: ಎರಡರ ಬದುಕೂ ಒಂದೇನಾ?

ಪ್ರಶ್ನೆ (ಅಡಿಕೆ ಬೆಳೆಗಾರ, ಸಿದ್ದಾಪುರ): ಮೇಡಂ, ನಮ್ಮ ತೋಟದ ಪಕ್ಕದ ಹಳ್ಳದಲ್ಲಿ ಕುಂಬಾರ ಕಪ್ಪೆ ಇದೆ. ತೋಟಕ್ಕೆ ಸೊಪ್ಪು ತರುವ ಮೇಲಿನ ಕಾಡು, ಅಂದರೆ ಸೊಪ್ಪಿನ ಬೆಟ್ಟದಲ್ಲಿ ಮಳೆ ಹಿಡಿದ ಮೇಲೆ ಹುತ್ತದ ಅಣಬೆ ಏಳುತ್ತದೆ. ಎರಡೂ ಮಣ್ಣಿಂದಲೇ ಹುಟ್ಟುವವು ಅಂತಾರೆ ಅಪ್ಪ. ಹೌದಾ? ಹಳ್ಳದ ಹೂಳು ತೆಗೆಸಿ, ಹುತ್ತ ಒಡೆಸುವ ಯೋಚನೆ ಇದೆ.

ಉತ್ತರ (ಜೀವಶಾಸ್ತ್ರ ಉಪನ್ಯಾಸಕಿ, ಶಿರಸಿ): ಮಣ್ಣು ಎರಡಕ್ಕೂ ಬೇಕು, ಅಪ್ಪ ಅಷ್ಟರಮಟ್ಟಿಗೆ ಸರಿ. ಆದರೆ ಕಪ್ಪೆಗೆ ಮಣ್ಣು ಬೇಕಾಗುವುದು ಮೊಟ್ಟೆಗೆ. ಹೆಣ್ಣು ನೀರಿನ ಮೇಲಿರುವ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಹಿಂಗಾಲಿನ ಮೇಲೆ ನಿಂತು, ಹಳ್ಳದ ಕೆಸರನ್ನು ಮುಂಗೈಯಲ್ಲಿ ಎತ್ತಿ ಮೊಟ್ಟೆಗೆ ಮೆತ್ತುತ್ತದೆ. ಕುಂಬಾರ ಅನ್ನುವ ಹೆಸರು ಬಂದದ್ದು ಅದಕ್ಕೇ. ಇದನ್ನು ಹೊಸ ಪ್ರಭೇದ ಅಂತ ವಿವರಿಸಿದ್ದು 2014ರಲ್ಲಿ, ಅದೂ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕತ್ತಲೆಕಾನು ಎಂಬ ಕಾಡಿನಿಂದ. ನನಗೆ ಇದು ಬಹಳ ಹೆಮ್ಮೆಯ ವಿಷಯ.

ಅಣಬೆಯದು ಬೇರೆ ಕಥೆ. ಒರಲೆ, ಅಂದರೆ ಗೆದ್ದಲು, ದರಕು (ಉದುರಿದ ಒಣ ಎಲೆ), ಒಣ ಕಟ್ಟಿಗೆ ತಿಂದು, ಅದರ ಹಿಕ್ಕೆಯಿಂದ ನೆಲದೊಳಗೆ ಸ್ಪಂಜಿನಂಥ ಗೂಡು ಕಟ್ಟುತ್ತದೆ. ಅದರ ಮೇಲೆ ಈ ಅಣಬೆಯ ಶಿಲೀಂಧ್ರ ಬೆಳೆಯುತ್ತದೆ. ಕಟ್ಟಿಗೆಯ ಗಟ್ಟಿ ಭಾಗವನ್ನು ಕರಗಿಸುವ ಕೆಲಸ ಅದರದ್ದು. ಒರಲೆಗೆ ಅದೇ ಊಟ. ಮಳೆಗಾಲದಲ್ಲಿ ಆ ಗೂಡಿನಿಂದ ಉದ್ದ ಬೇರಿನಂಥ ಕಾಂಡ ಮೇಲೆದ್ದು ಕೊಡೆ ಬಿಚ್ಚುತ್ತದೆ. ಚಿಪ್ಪಣಬೆಯನ್ನು ಭತ್ತದ ಹುಲ್ಲಿನಲ್ಲಿ ಬೆಳೆಸಿದ ಹಾಗೆ ಇದನ್ನು ಮನೆಯಲ್ಲಿ ಬೆಳೆಸಲು ಆಗುವುದಿಲ್ಲ. ಒರಲೆ ಬೇಕೇ ಬೇಕು. ಹುತ್ತ ಒಡೆದರೆ ಅಣಬೆಯೂ ಹೋಯಿತು.

ಹಳ್ಳದ ಕೆಸರಿನದೂ ಅದೇ ಮಾತು. ಜೆಸಿಬಿ ಇಳಿಸಿ ಅಂಚು ಸಮೇತ ಕೆರೆದರೆ ಮೊಟ್ಟೆ ಇಡುವ ಕಡ್ಡಿ, ಕಲ್ಲು, ಮೆತ್ತುವ ಮಣ್ಣು ಮೂರೂ ಹೋಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ.

ಪ್ರಶ್ನೆ (ಕಾರವಾರದಿಂದ): ಕಪ್ಪೆಯ ಮೈಮೇಲೆ ಅಣಬೆ ಬೆಳೆದಿತ್ತು ಅಂತ ಫೋಟೋ ಬಂದಿತ್ತು. ನಿಜವಾ?

ಉತ್ತರ: ನಿಜ. ಅದು ಕಾರ್ಕಳದ ಹತ್ತಿರ, 2023ರ ಜೂನ್‌ನಲ್ಲಿ ಕಂಡದ್ದು. ಚಿನ್ನದ ಬೆನ್ನಿನ ಕಪ್ಪೆಯೊಂದರ ಪಕ್ಕೆಯಲ್ಲಿ ಪುಟ್ಟ ಅಣಬೆ ಇತ್ತು. ಕಪ್ಪೆ ಬದುಕಿತ್ತು. ಕಂಡವರು ಅದನ್ನು ಹಿಡಿದು ತರಲಿಲ್ಲ. ಕುಂಬಾರ ಕಪ್ಪೆಗೂ ಅದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ (ಸಿದ್ದಾಪುರ): ಹಾಗಾದರೆ ಹೂಳು ತೆಗೆಸಲೇಬಾರದಾ? ತೋಟಕ್ಕೆ ನೀರು ನುಗ್ಗುತ್ತದೆ.

ಉತ್ತರ: ನೀರು ನುಗ್ಗುವ ಜಾಗದಲ್ಲಿ ಮಾತ್ರ, ಬೇಸಿಗೆಯಲ್ಲಿ, ಆಳುಗಳಿಂದ ತೆಗೆಸಿ. ದಡದ ಗಿಡ, ಕಲ್ಲು ಮುಟ್ಟಬೇಡಿ. ಅಣಬೆ ಕೀಳುವಾಗ ಹುತ್ತ ಅಗೆಯಬೇಡಿ, ಕೆಲವನ್ನು ಅರಳಲು ಬಿಡಿ. ಮನೆಯ ಹಿರಿಯರು ಗುರುತು ಹಿಡಿಯದ ಅಣಬೆಯನ್ನಂತೂ ಸಾರಿಗೆ ಹಾಕಲೇಬೇಡಿ.